ಸಹಿ ಹಾಕಿದ ಓಟು

ಜಪಾನಿನ ಪಾರ್ಲಿಮೆಂಟ್ ಚುನಾವಣೆಯ ಕಾರಣದಿಂದ ಚಿತ್ತಾಪುರದ ಹೈಸ್ಕೂಲಿನ ಇಬ್ಬರು ಹುಡುಗಿಯರು ಶಾಲೆ ಬಿಟ್ಟರು ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ನನ್ನ ಹೆಂಡತಿಯೂ ಮೊದಲು ನಂಬಲಿಲ್ಲ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು. ಆದರೆ ನಡೆದದ್ದು ನಿಜ, ನಡೆಸಿದವನು ನಾನು. ಆರು ದಿನ ಹಾಜರಿ ಪುಸ್ತಕದಲ್ಲಿ ಆ ಇಬ್ಬರ ಹೆಸರಿನ ಮುಂದೆ ನನ್ನ ಕೈಯಿಂದಲೇ ಗೈರುಹಾಜರಿ ಗುರುತು ಹಾಕಿದ್ದೇನೆ.

ಅದು ಎಪ್ಪತ್ತರ ದಶಕದ ನಡುವಿನ ಮಾತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟು ಎರಡು ಮೂರು ವರ್ಷವಾಗಿತ್ತು, ನಮ್ಮ ಶಾಲೆಯ ರಬ್ಬರ್ ಶಿಕ್ಕೆಯಲ್ಲಿ ಮಾತ್ರ ಇನ್ನೂ ಮೈಸೂರು ರಾಜ್ಯವೇ ಇತ್ತು. ನಾನು ಸೇಡಂದವನು. ಚಿಂಚೋಳಿಯಲ್ಲಿ ನಾಲ್ಕು ವರ್ಷ ಇತಿಹಾಸ ಕಲಿಸಿ ಚಿತ್ತಾಪುರಕ್ಕೆ ವರ್ಗವಾಗಿ ಬಂದಿದ್ದೆ. ಕಲಿಸುವುದರಲ್ಲಿ ನನಗೆ ಸ್ವಲ್ಪ ಜಂಬವಿತ್ತು, ಈಗಲೂ ಇದೆ. ಇಸವಿಗಳನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುವ ಮಾಸ್ತರರನ್ನು ಕಂಡರೆ ನನಗೆ ಸಿಟ್ಟು. ಇತಿಹಾಸ ಅಂದರೆ ಮಕ್ಕಳ ಮೈಮೇಲೆ ಬರಬೇಕು ಅನ್ನುವುದು ನನ್ನ ಹಟ. ಪಾಣಿಪತ್ ಯುದ್ಧವನ್ನು ಶಾಲೆಯ ಅಂಗಳದಲ್ಲಿ ಆಡಿಸಿ, ಒಬ್ಬ ಹುಡುಗನ ಮೊಣಕಾಲು ಒಡೆದು, ಅವನ ಅಪ್ಪನ ಹತ್ತಿರ ಬೈಸಿಕೊಂಡವನು ನಾನು. ಅಷ್ಟಾದರೂ ಬುದ್ಧಿ ಬಂದಿರಲಿಲ್ಲ.

ಒಂಬತ್ತನೇ ತರಗತಿಯಲ್ಲಿ ನಲವತ್ತೊಂದು ಮಕ್ಕಳಿದ್ದರು. ಅದರಲ್ಲಿ ಹುಡುಗಿಯರು ಒಂಬತ್ತು, ಏಳು ಮಂದಿ ಊರೊಳಗಿನವರೇ. ಉಳಿದ ಇಬ್ಬರು ಎರಡೂವರೆ ಮೈಲಿ ಆಚೆಯ ಹಳ್ಳಿಯಿಂದ ರೈಲು ಹಳಿಯ ಪಕ್ಕದ ಕಾಲುದಾರಿಯಲ್ಲಿ ನಡೆದು ಬರುತ್ತಿದ್ದರು. ಒಬ್ಬಳ ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಕಲ್ಲು ಕಡಿಯುವವನು. ಇನ್ನೊಬ್ಬಳ ಅಪ್ಪ ಆ ಹಳ್ಳಿಯ ದರ್ಜಿ, ಮುಸಲ್ಮಾನ. ಹೆಸರು ಹೇಳುವುದಿಲ್ಲ, ಖಣಿಯವನ ಮಗಳು, ದರ್ಜಿಯ ಮಗಳು ಅಂತಲೇ ಕರೆಯುತ್ತೇನೆ. ಖಣಿಯವನ ಮಗಳು ಗಣಿತದಲ್ಲಿ ಚುರುಕು, ಎದ್ದು ನಿಂತು ಮಾತಾಡುವವಳು. ದರ್ಜಿಯ ಮಗಳನ್ನು ನಾವು ಕೇಳಿದರೆ ಮಾತ್ರ ಮಾತು, ಅದೂ ಅರ್ಧ. ಒಂದೇ ಬೆಂಚು, ಒಂದೇ ಬುತ್ತಿಗಂಟು.

ಆ ಹಳ್ಳಿಯಿಂದ ಹೈಸ್ಕೂಲಿಗೆ ಬಂದ ಮೊದಲ ಹುಡುಗಿಯರು ಅವರೇ. ಕಳಿಸುವಾಗ ಎರಡೂ ಮನೆಯವರು ಕೂಡಿ ಒಂದು ಕರಾರು ಹಾಕಿದ್ದರು. ಇಬ್ಬರೂ ಕೂಡಿ ಹೋಗಬೇಕು, ಕೂಡಿ ಬರಬೇಕು, ದೀಪ ಹಚ್ಚುವುದರೊಳಗೆ ಮನೆ ಮುಟ್ಟಬೇಕು. ಒಂದು ತಪ್ಪಿದರೂ ಶಾಲೆ ಬಂದ್. ಒಬ್ಬಳಿಗೆ ಜ್ವರ ಬಂದರೆ ಅವತ್ತು ಇನ್ನೊಬ್ಬಳಿಗೂ ರಜೆ. ಸಂಜೆ ಐದಕ್ಕೆ ಗಂಟೆ ಹೊಡೆದರೆ ಐದೂ ಒಂದಕ್ಕೆ ಅವರಿಬ್ಬರೂ ಗೇಟಿನ ಹೊರಗಿರುತ್ತಿದ್ದರು. ಈ ಕರಾರು ನಮಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ಪಠ್ಯಪುಸ್ತಕದಲ್ಲಿ ಜಪಾನಿಗೆ ಒಂದೂವರೆ ಪುಟ. ಚಕ್ರವರ್ತಿ ಸಂವಿಧಾನ ಕೊಟ್ಟ, ಪಾರ್ಲಿಮೆಂಟ್ ಬಂತು, ಮುಗಿಯಿತು. ಅಷ್ಟರಲ್ಲಿ ನನಗೆ ಸಮಾಧಾನವಾಗಲಿಲ್ಲ. ಗುಲಬರ್ಗಾಕ್ಕೆ ಹೋಗಿ ಬರುವಾಗ ವಾಡಿ ಜಂಕ್ಷನ್ನಿನಲ್ಲಿ ಗಾಡಿಗೆ ಕಾಯುತ್ತಾ ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕ ಕೊಂಡಿದ್ದೆ. ಅದರಲ್ಲಿ ಸಾವಿರದ ಎಂಟುನೂರ ತೊಂಬತ್ತರಲ್ಲಿ ನಡೆದ ಅವರ ಮೊದಲ ಚುನಾವಣೆಯ ವಿವರವಿತ್ತು. ಓಟು ಯಾರಿಗೆ? ಇಪ್ಪತ್ತೈದು ತುಂಬಿದ ಗಂಡಸಿಗೆ, ಅದೂ ವರ್ಷಕ್ಕೆ ಹದಿನೈದು ಯೆನ್ ತೆರಿಗೆ ಕಟ್ಟುವವನಿಗೆ. ನೂರು ಜನರಲ್ಲಿ ಒಬ್ಬ ಅಂತಹವನು ಸಿಕ್ಕರೆ ಹೆಚ್ಚು. ಅವನು ಚೀಟಿಯ ಮೇಲೆ ತನಗೆ ಬೇಕಾದ ಅಭ್ಯರ್ಥಿಯ ಹೆಸರು ಬರೆದು, ಪಕ್ಕದಲ್ಲಿ ತನ್ನ ಹೆಸರು, ತನ್ನ ವಿಳಾಸ ಬರೆದು, ತನ್ನ ಮುದ್ರೆ ಒತ್ತಿ ಕೊಡಬೇಕು. ಮುದ್ರೆ ಇಲ್ಲದ ಓಟು ಓಟೇ ಅಲ್ಲ. ಇದನ್ನು ಓದಿ ನಾನು ವಾಡಿಯಿಂದ ಚಿತ್ತಾಪುರದವರೆಗೆ ಕಿಟಕಿಯ ಹೊರಗೆ ನೋಡಲಿಲ್ಲ.

ದಸರೆ ರಜೆ ಮುಗಿದು ಎರಡನೇ ಅವಧಿ ಆರಂಭವಾಗಿತ್ತು. ಹೊಸ ಮಾನಿಟರ್ ಆರಿಸಬೇಕಿತ್ತು. ನಮ್ಮಲ್ಲಿ ಮಾನಿಟರ್ ಅಂದರೆ ಸಣ್ಣ ಅಧಿಕಾರವಲ್ಲ. ಹಾಜರಿ ಪುಸ್ತಕ, ಸೀಮೆಸುಣ್ಣದ ಡಬ್ಬಿ, ಕೋಣೆಯ ಚಾವಿ ಎಲ್ಲ ಅವನ ಕೈಯಲ್ಲಿ. ಜಪಾನಿನ ಪಾಠವನ್ನೂ ಮಾನಿಟರ್ ಚುನಾವಣೆಯನ್ನೂ ಒಂದು ಮಾಡಿದರೆ ಹೇಗೆ ಅಂತ ನನಗೆ ಹೊಳೆಯಿತು. ಹೊಳೆದದ್ದನ್ನು ಎರಡು ದಿನ ತಡೆದುಕೊಂಡಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಮೊದಲ ದಿನ ಬರೀ ಆಟ. ಹದಿನೈದು ಯೆನ್ ಬದಲಿಗೆ ಹದಿನೈದು ಎಕರೆ ಹೊಲ ಅಂತ ಗೊತ್ತುಮಾಡಿದೆ. ಅಷ್ಟು ಹೊಲ ಇದ್ದವರ ಗಂಡುಮಕ್ಕಳು ಒಳಗೆ, ಉಳಿದವರೆಲ್ಲ ವರಾಂಡಕ್ಕೆ. ಒಳಗೆ ಉಳಿದದ್ದು ಐದು ಹುಡುಗರು. ಅವರಿಗೂ ಅಷ್ಟು ದೊಡ್ಡ ಕೋಣೆಯಲ್ಲಿ ಕೂತು ನಾಚಿಕೆಯಾಯಿತು. ವರಾಂಡದಿಂದ ಖಣಿಯವನ ಮಗಳು ಕಿಟಕಿಯ ಸರಳಿಗೆ ಮುಖ ಇಟ್ಟು ಕೇಳಿದಳು.

"ಸರ, ಅಲ್ಲಿ ಹೆಣ್ಮಕ್ಕಳಿಗಿ ಓಟು ಯಾವಾಗ ಸಿಕ್ತ್ರಿ?"

"ಎರಡನೇ ಮಹಾಯುದ್ಧ ಮುಗದ ಮ್ಯಾಲೆ."

"ಅಂದ್ರ ಐವತ್ತು ವರ್ಷ ದಾಟಿದ ಮ್ಯಾಲೆ. ಅಲ್ಲಿತನಕ ನಾವು ಹೊರಗೇ ಕುಂದರಬೇಕೇನ್ರಿ? ಇಲ್ಲಿ ಬಿಸಲ ಭಾಳ ಅದ."

ವರಾಂಡದಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಪಾಠ ಮೈಮೇಲೆ ಬಂದಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡು, ಮರುದಿನ ನಿಜವಾದ ಚುನಾವಣೆ ಅಂತ ಸಾರಿದೆ. ಗಂಡಸರಿಗೆ ಮಾತ್ರ ಅನ್ನುವುದನ್ನು ತೆಗೆದೆ, ಹೊಲ ಇದ್ದವರಿಗೆ ಮಾತ್ರ ಅನ್ನುವುದನ್ನು ತೆಗೆದೆ. ಸಹಿ ಮತ್ತು ಮುದ್ರೆಯನ್ನು ಮಾತ್ರ ಉಳಿಸಿಕೊಂಡೆ. ಮೊದಲಿನ ಎರಡು ಅನ್ಯಾಯ ಅಂತ ನನಗೆ ಕಂಡಿತ್ತು. ಮೂರನೆಯದು ಚಂದ ಅಂತ ಕಂಡಿತ್ತು.

ಮರುದಿನ ಮಕ್ಕಳು ತಂದ ಮುದ್ರೆಗಳನ್ನು ನೋಡಬೇಕಿತ್ತು. ಬೆಂಡೆಕಾಯಿ ಅಡ್ಡ ಕೊಯ್ದು ಮಸಿಯಲ್ಲಿ ಅದ್ದಿದರೆ ಹೂವಾಗುತ್ತದೆ, ಅರ್ಧ ತರಗತಿಗೆ ಅದೇ ಮುದ್ರೆ. ದರ್ಜಿಯ ಮಗಳು ದಾರ ಮುಗಿದ ಕಟ್ಟಿಗೆಯ ರೀಲು ತಂದಿದ್ದಳು, ಒತ್ತಿದರೆ ದುಂಡನೆಯ ಉಂಗುರ. ಖಣಿಯಲ್ಲಿ ಒಬ್ಬೊಬ್ಬರು ತಾವು ಕಡಿದ ಫರಸಿಯ ಒಟ್ಟಿಲಿನ ಮೇಲೆ ಸುಣ್ಣದಿಂದ ತಮ್ಮದೊಂದು ಗುರುತು ಹಾಕುತ್ತಾರೆ, ಯಾರ ಕೆಲಸ ಎಷ್ಟು ಅಂತ ತಿಳಿಯಲು. ಖಣಿಯವನ ಮಗಳು ತನ್ನ ಅಪ್ಪನ ಗುರುತನ್ನು, ಎರಡು ಗೆರೆ ನಡುವೆ ಒಂದು ಚುಕ್ಕೆ, ಆಲೂಗಡ್ಡೆಯಲ್ಲಿ ಕೆತ್ತಿ ತಂದಿದ್ದಳು. ಅವಳು ಚುನಾವಣೆಗೂ ನಿಂತಳು. ಎದುರಿಗೆ ಸ್ಟೇಷನ್ ಮುಂದಿನ ಹೋಟೆಲಿನವರ ಮಗ. ಕಬಡ್ಡಿ ಆಡುವವನು, ಎಲ್ಲರಿಗೂ ಬೇಕಾದವನು, ಒಳ್ಳೆಯ ಹುಡುಗ.

ಎಲ್ಲರೂ ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕೊಟ್ಟರು. ನಾನು ಜಪಾನಿನ ಅಧಿಕಾರಿಯ ಠೀವಿಯಲ್ಲಿ ಕುರ್ಚಿಯ ಮೇಲೆ ಕೂತು, ಒಂದೊಂದೇ ಚೀಟಿ ತೆಗೆದು, ಇಂಥವರ ಓಟು ಇಂಥವರಿಗೆ ಅಂತ ಗಟ್ಟಿಯಾಗಿ ಓದುತ್ತಾ ಹೋದೆ. ಹೀಗೆ ಗಟ್ಟಿಯಾಗಿ ಓದಬೇಕು ಅಂತ ಆ ಪುಸ್ತಕದಲ್ಲಿತ್ತೋ, ನಾನೇ ಸೇರಿಸಿದೆನೋ ಈಗ ನೆನಪಿಲ್ಲ. ನಾನೇ ಸೇರಿಸಿರಬೇಕು. ಏಳನೆಯದೋ ಎಂಟನೆಯದೋ ಚೀಟಿ ದರ್ಜಿಯ ಮಗಳದು. ಓಟು ಹೋಟೆಲಿನವರ ಮಗನಿಗೆ. ತರಗತಿಯಲ್ಲಿ ಒಂದು ಸದ್ದಾಯಿತು. ನಾನು ಓದುವ ಭರದಲ್ಲಿ ಮುಂದಿನ ಚೀಟಿ ತೆಗೆದೆ.

ಕೊನೆಗೆ ಹುಡುಗನಿಗೆ ಇಪ್ಪತ್ತೊಂದು, ಖಣಿಯವನ ಮಗಳಿಗೆ ಇಪ್ಪತ್ತು. ಒಂದೇ ಓಟಿನ ಅಂತರ. ನಲವತ್ತು ಮುಖಗಳೂ ದರ್ಜಿಯ ಮಗಳ ಕಡೆ ತಿರುಗಿದವು. ಅವಳು ತನ್ನ ರೀಲನ್ನು ಮುಷ್ಟಿಯಲ್ಲಿ ಹಿಡಿದು ಬೆಂಚು ನೋಡುತ್ತಾ ಕೂತಿದ್ದಳು. ಖಣಿಯವನ ಮಗಳು ಬೆಂಚಿನ ಆ ತುದಿಗೆ ಸರಿದು ಕೂತಳು.

ಅವತ್ತು ಸಂಜೆ ಖಣಿಯವನ ಮಗಳು ಒಬ್ಬಳೇ ಗೇಟು ದಾಟಿ ಹೋದಳು. ಐವತ್ತು ಹೆಜ್ಜೆ ಹಿಂದೆ ದರ್ಜಿಯ ಮಗಳು. ನಾನು ವರಾಂಡದಲ್ಲಿ ನಿಂತು ನೋಡಿದೆ. ಹುಡುಗಿಯರ ಜಗಳ, ಎರಡು ದಿನದಲ್ಲಿ ಸರಿಹೋಗುತ್ತದೆ ಅಂದುಕೊಂಡು ಚಹಾ ಕುಡಿಯಲು ಹೋದೆ. ಮರುದಿನವೂ ಹಾಗೇ ಬಂದರು, ಹಾಗೇ ಹೋದರು. ಅದರ ಮರುದಿನವೂ ಅದೇ. ಸೋಮವಾರ ಇಬ್ಬರೂ ಬರಲಿಲ್ಲ.

ಜ್ವರವಿರಬೇಕು ಅಂದುಕೊಂಡೆ. ಬುಧವಾರ ಹೊಸ ಮಾನಿಟರ್, ಅದೇ ಹೋಟೆಲಿನವರ ಮಗ, ಹಾಜರಿ ಪುಸ್ತಕ ಕೊಡಲು ಬಂದವನು ಅಲ್ಲೇ ನಿಂತ.

"ಸರ, ಆ ಇಬ್ಬರಿಗಿ ಸಾಲಿ ಬಿಡಿಸ್ಯಾರಂತ್ರಿ. ಖಣಿ ಮಂದಿ ನಮ್ಮ ಹೋಟೆಲಿನ್ಯಾಗ ಮಾತಾಡ್ಲಿಕತ್ತಿದ್ರು. ಒಬ್ಬೊಬ್ರೇ ನಡಕೋತ ಬರೂದು ಖಣಿಯವರ ಹುಡುಗಿ ಆಯಿ, ಆ ಮುದುಕಿ, ನೋಡ್ಯಾಳಂತ. ಕೂಡಿ ಬರೂದಿಲ್ಲಂದ್ರ ಸಾಲಿ ಸಾಕು ಅಂದಾಳಂತ." ಪುಸ್ತಕ ಮೇಜಿನ ಮೇಲಿಟ್ಟು ಅಂದ, "ಸರ, ನಂಗ ಮಾನಿಟರ್ ಬ್ಯಾಡ್ರಿ. ಆಕಿಗೇ ಕೊಟ್ಟುಬಿಡ್ರಿ."

ಗೆದ್ದವನು ಹೀಗೆ ಬಿಟ್ಟುಕೊಟ್ಟರೆ ಅದು ಯಾವ ಸೀಮೆ ಚುನಾವಣೆ ಅಂತ ಅವನ ಮೇಲೆ ರೇಗಿದೆ. ರೇಗಬೇಕಾದದ್ದು ಯಾರ ಮೇಲೆ ಅನ್ನುವುದು ಗೊತ್ತಿದ್ದೂ ರೇಗಿದೆ.

ಹೆಡ್‌ಮಾಸ್ತರರ ಹತ್ತಿರ ಹೋದೆ. ಅವರು ಕಾಳಗಿ ಕಡೆಯವರು, ಕೆಟ್ಟವರಲ್ಲ, ನಿಯಮದ ಮನುಷ್ಯ. ನನ್ನ ಮಾತು ಪೂರ್ತಿ ಕೇಳಿ ಅಂದರು, "ತಿಂಗಳ ಕೊನೀತನಕ ನೋಡ್ತೀನ್ರಿ. ಬರಲಿಲ್ಲಂದ್ರ ಹೆಸರು ತಗೀಬೇಕಾಗ್ತದ. ಗಂಡುಹುಡುಗ್ರು ಬಿಟ್ರ ಮತ್ತ ಬರ್ತಾರ. ಹೆಣ್ಮಕ್ಕಳು ಒಮ್ಮೆ ಬಿಟ್ರಂದ್ರ ಬಿಟ್ಟಂಗೇ." ತಿಂಗಳು ಮುಗಿಯಲು ಹದಿಮೂರು ದಿನ ಉಳಿದಿತ್ತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಒಲೆ ಮುಂದಿನಿಂದ ಏಳದೆಯೇ ಕೇಳಿದಳು, "ನಿಮ್ಮಕ್ಕ ತಂದ ಸೀರಿ ಚಂದಿಲ್ಲ ಅಂತ ನಿಮ್ಮಕ್ಕನ ಮುಂದ ನಾ ಹೇಳ್ಲಿಕ್ಕಾಗ್ತದೇನ್ರಿ?"

"ಇಲ್ಲ."

"ಹೇಳಿದ್ರ ಮನ್ಯಾಗ ಬಾಳೇವು ಮಾಡ್ಲಿಕ್ಕಾಗ್ತದೇನು? ಎರಡು ಹುಡ್ಗೇರು ದಿನಾ ಐದು ಮೈಲಿ ಕೂಡಿ ನಡೀತಾವ. ಅವುರ ಬಾಯಿಲಿಂದ ಅಂಥಾದ್ದೇ ಹೇಳಿಸಿದ್ರಲ್ಲ ನೀವು." ಆಮೇಲೆ ರೊಟ್ಟಿ ತಾಟಿಗೆ ಹಾಕುತ್ತಾ, "ಐತವಾರ ಹೋಗಿ ಬರ್ರಿ. ಕುಂತು ಮಾರಿ ಸಣ್ಣ ಮಾಡಿದ್ರ ಏನಾಗ್ತದ" ಅಂದಳು.

ಭಾನುವಾರ ಬೆಳಿಗ್ಗೆ ಹಳಿಯ ಪಕ್ಕದ ದಾರಿ ಹಿಡಿದೆ. ತೊಗರಿ ಹೂಬಿಟ್ಟ ಕಾಲ, ಎರಡೂ ಕಡೆ ಹೊಲ ಹಳದಿಯಾಗಿತ್ತು. ನಡುವೆ ಖಣಿಯ ಫರಸಿ ಒಟ್ಟಿಲುಗಳು ಸಾಲಾಗಿ ನಿಂತಿದ್ದವು. ನಡೆಯುತ್ತಾ ಹೋದಂತೆ ಈ ದಾರಿಯಲ್ಲಿ ಒಬ್ಬ ಹುಡುಗಿಯನ್ನು ಏಕೆ ಕಳಿಸುವುದಿಲ್ಲ ಅಂತ ಅರ್ಥವಾಯಿತು. ಒಂದು ಮೈಲಿ ಪೂರ್ತಿ ಒಂದು ನರಪಿಳ್ಳೆ ಸಿಗಲಿಲ್ಲ.

ಮೊದಲು ದರ್ಜಿಯ ಮನೆ. ಅವರು ಕಟ್ಟೆಯ ಮೇಲೆ ಮಷೀನು ಇಟ್ಟುಕೊಂಡು ಹೊಲಿಯುತ್ತಿದ್ದರು.

"ಬರ್ರಿ ಮಾಸ್ತರ್ ಸಾಬ್, ಕುಂದ್ರಿ," ಅಂದರು. ಚಹಾಕ್ಕೆ ಕೂಗಿ ಹೇಳಿ, ನಾನು ಬಾಯಿಬಿಡುವ ಮೊದಲೇ ಅಂದರು, "ನಂದೇನು ತಕರಾರ್ ಇಲ್ರಿ. ಆ ಹುಡುಗಿ ಬಂದ್ರ ನಮ್ಮಾಕಿನೂ ಬರ್ತಾಳ. ಒಬ್ಬಾಕಿನ್ನ ಹ್ಯಾಂಗ ಕಳಸ್ಲಿ, ನೀವೇ ಹೇಳ್ರಿ."

ಚಹಾ ತಂದವಳು ಮಗಳೇ. ನಾನು ಕೇಳಿಯೇಬಿಟ್ಟೆ, "ಯಾಕವ್ವಾ, ನಿನ್ನ ಗೆಳತಿಗಿ ಯಾಕ ಹಾಕಲಿಲ್ಲ?" ಅವಳು ಅಪ್ಪನ ಮುಖ ನೋಡಿದಳು. ದರ್ಜಿ ದಾರ ಮುಗಿಯಿತು ಅಂತ ಹೇಳಿ ಒಳಗೆ ಹೋದರು. ಮಷೀನಿನ ಮೇಲೆ ತುಂಬಿದ ರೀಲು ಇತ್ತು. ಅಂಥ ಅಪ್ಪನ ಮಗಳು ಅವಳು.

"ಸರ, ಮಾನಿಟರ್ ಆದವ್ರು ಕಸಾ ಹೊಡಿಸಿ, ಕಿಡಕಿ ಹಾಕಿಸಿ, ಕೀಲಿ ಹಾಕಿ, ಹೆಡ್‌ಮಾಸ್ತರಿಗಿ ಚಾವಿ ಕೊಟ್ಟು ಹೋಗಬೇಕ್ರಿ. ಅರ್ಧಾ ತಾಸು ಆಗ್ತದ. ಈಗ ಹೊತ್ತು ಲಗೂ ಮುಳಗ್ತದ. ನಾವು ಊರು ಮುಟ್ಟೂದ್ರೊಳಗ ದೀಪಾ ಹಚ್ಚಿರ್ತಾರ. ಎರಡು ದಿನ ತಡಾ ಆದ್ರ ಆಕಿ ಆಯಿ ಆಕಿಗಿ ಸಾಲಿ ಬಿಡಸ್ತಾಳ. ಆಕಿಗಿ ಬಿಡಿಸಿದ್ರ ನಂಗೂ ಬಿಡಸ್ತಾರ."

ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ.

"ನಿಲ್ಲಬ್ಯಾಡ ಅಂತ ಆಕಿಗಿ ಹೇಳಬೇಕಿಲ್ಲ?"

"ಹ್ಯಾಂಗ ಹೇಳ್ಲಿರಿ? ಹಿಂದಿನ ದಿನಾ ದಾರಿ ತುಂಬ ಅದೇ ಮಾತು ಆಕಿದು. ಭಾಳ ಖುಷಿ ಇದ್ಳು." ಮತ್ತೆ ಅಂದಳು, "ನೀವು ಎಲ್ಲಾರ ಮುಂದ ಓದ್ತೀರಿ ಅಂತ ಗೊತ್ತಿರಲಿಲ್ರಿ. ಸಹಿ ನಿಮಗಷ್ಟೇ ಅಂತ ತಿಳ್ಕೊಂಡಿದ್ದೆ."

ಮನುಷ್ಯ ನಾಚಿಕೆಯಿಂದ ಬಿಸಿ ಚಹಾ ಒಂದೇ ಗುಟುಕಿಗೆ ಕುಡಿಯಬಲ್ಲ ಅನ್ನುವುದು ಅವತ್ತು ಗೊತ್ತಾಯಿತು. ಇದನ್ನು ಅವಳಿಗೆ ನಾನು ಹೇಳುತ್ತೇನೆ ಅಂದೆ. ಅವಳು ಬೇಡವೇ ಬೇಡ ಅಂದಳು. "ಈಗ ಹೇಳಿದ್ರ ನೆಪಾ ಹೇಳ್ಲಿಕತ್ತಾಳ ಅಂತಾಳ್ರಿ. ನೀವೂ ಹೇಳಬ್ಯಾಡ್ರಿ." ನಾನು ಮಾತು ಕೊಟ್ಟೆ.

ಖಣಿಯವನ ಮನೆ ಎರಡು ಓಣಿ ಆಚೆ. ಅಪ್ಪ ಶಹಾಬಾದಿಗೆ ಹೋಗಿದ್ದ. ಆಯಿ, ಅಂದರೆ ಹುಡುಗಿಯ ಅಜ್ಜಿ, ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಮೊರ ನಿಲ್ಲಿಸಲಿಲ್ಲ.

"ಸಾಲ್ಯಾಗ ಜಗಳಾ ಹಚ್ಚಿ ಈಗ ಬಿಡಿಸ್ಲಿಕ್ಕ ಬಂದ್ರೇನು ಮಾಸ್ತರ್ರ?"

"ಹೌದ್ರಿ ಆಯಿ," ಅಂದೆ. ಅದಕ್ಕಿಂತ ಸರಿಯಾಗಿ ನಾನೂ ಹೇಳಲಾರೆ.

ಹುಡುಗಿ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು. ಅವಳಿಗೆ ಹೇಳಿದೆ, ತಪ್ಪು ನನ್ನದು, ಯಾರು ಯಾರಿಗೆ ಓಟು ಹಾಕಿದರು ಅನ್ನುವುದನ್ನು ನಾನು ಓದಬಾರದಿತ್ತು, ಜಪಾನಿನವರೂ ಹತ್ತು ವರ್ಷದಲ್ಲಿ ಅದನ್ನು ಬಿಟ್ಟು ಗುಪ್ತ ಮತದಾನ ತಂದರು, ನಾನೂ ಹೆಸರಿಲ್ಲದ ಚೀಟಿಯಲ್ಲಿ ಮತ್ತೊಮ್ಮೆ ಚುನಾವಣೆ ಮಾಡುತ್ತೇನೆ ಅಂತ. ಅವಳಿಗೆ ಜಪಾನಿನ ಉಸಾಬರಿ ಬೇಕಿರಲಿಲ್ಲ.

"ಆಕಿ ಓಟು ಆಕಿ ಮರ್ಜಿ ಅದರಿ ಸರ. ಆದ್ರ ಅವತ್ತು ಮುಂಜಾನೆ ನನ್ನ ಕೂಡ ನಡಕೋತ ಬಂದು, ನನ್ನ ಆಲೂಗಡ್ಡಿ ಒಣಗಬಾರ್ದು ಅಂತ ತನ್ನ ಹಸೀ ಅರಿಬ್ಯಾಗ ತಾನೇ ಹಿಡಕೊಂಡು ಬಂದು, ಸಾಲ್ಯಾಗ ಕುಂತು ಆ ಹುಡುಗನ ಹೆಸರು ಬರದಾಳ್ರಿ." ಅಂಗೈಯಿಂದ ಕಣ್ಣೊರೆಸಿಕೊಂಡಳು.

ಆಯಿ ಮೊರ ಕೆಳಗಿಟ್ಟಳು. "ಏನದು ಮಾನಿಟರ್ ಅಂದ್ರ? ಏನು ಕೆಲಸ ಅದರದು?"

ನಾನು ಹೇಳಿದೆ. ಹಾಜರಿ, ಸೀಮೆಸುಣ್ಣ, ಕಸ, ಕೀಲಿ.

"ಕೀಲಿ ಅಂದ್ರ? ಸಾಲಿ ಬಿಟ್ಟ ಮ್ಯಾಲೆ ನಿಂದರಬೇಕೇನು?"

"ಅರ್ಧಾ ತಾಸು ನಿಂದರಬೇಕಾಗ್ತದ್ರಿ."

"ಹಂಗಿದ್ರ ಸೋತಿದ್ದೇ ಛಲೋ ಆಯ್ತು ಬಿಡ್ರಿ. ಒಂದಿನ ತಡಾ ಮಾಡಿ ಬಂದಿದ್ರ ಮರುದಿನಾನೇ ನಾ ಸಾಲಿ ಬಿಡಸ್ತಿದ್ದೆ."

ಮುದುಕಿ ಅಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡಳು. ನಾನು ಹುಡುಗಿಯ ಕಡೆ ನೋಡಿದೆ. ಅವಳು ಆಯಿಯನ್ನು ನೋಡುತ್ತಿದ್ದಳು, ಆಮೇಲೆ ಓಣಿಯ ಕಡೆ ನೋಡಿದಳು. "ಆಯಿ, ಆಕಿ ಹತ್ರ ಹೋಗಿ ಗಣಿತದ ವಹಿ ತರ್ತೀನಿ," ಅಂದು ನನ್ನ ಮುಂದಿನಿಂದಲೇ ಓಣಿಗೆ ಇಳಿದು ಹೋದಳು. ನಾನು ಕೊಟ್ಟ ಮಾತು ಮುರಿಯಬೇಕಾಗಿ ಬರಲಿಲ್ಲ.

"ಕೂಡಿ ಬಂದ್ರ ನಾಳಿಂದ ಕಳಸ್ತೀನಿ," ಅಂದಳು ಆಯಿ, ಜೋಳ ಕೇರುತ್ತಾ.

ವಾಪಸು ಹೋಗುವಾಗ ದರ್ಜಿಯ ಕಟ್ಟೆಯ ಮುಂದೆ ಹಾದುಹೋದೆ. ಇಬ್ಬರೂ ಮಷೀನಿನ ಹಿಂದೆ ನೆಲದ ಮೇಲೆ ಕೂತು ಗಣಿತ ಬರೆದುಕೊಳ್ಳುತ್ತಿದ್ದರು. ಓಟಿನ ಮಾತೇ ಇರಲಿಲ್ಲ. ಆ ವಾರ ತಪ್ಪಿಹೋದ ಲೆಕ್ಕಗಳನ್ನು ಯಾರ ಹತ್ತಿರ ಇಸಿದುಕೊಳ್ಳುವುದು ಅಂತ ಮಾತಾಡುತ್ತಿದ್ದರು. ನನ್ನನ್ನು ನೋಡಿ ಇಬ್ಬರೂ ಎದ್ದು ನಿಂತರು.

ಸೋಮವಾರ ಇಬ್ಬರೂ ಕೂಡಿ ಬಂದರು. ನಾನು ಗೇಟಿನ ಹತ್ತಿರವೇ ಕಾಯುತ್ತಿದ್ದೆ, ಅಲ್ಲಿ ಏನೋ ಕೆಲಸ ಇದ್ದವನ ಹಾಗೆ. ಆದರೆ ನನ್ನ ತಲೆನೋವು ಮುಗಿದಿರಲಿಲ್ಲ. ಮತ್ತೊಂದು ಚುನಾವಣೆ ಮಾಡುತ್ತೇನೆ ಅಂತ ಹೇಳಿ ಬಂದಿದ್ದೆ. ಹೋಟೆಲಿನವರ ಮಗ ಆಗಲೇ ರಾಜೀನಾಮೆ ಬರೆದು ನನ್ನ ಮೇಜಿನ ಮೇಲೆ ಇಟ್ಟಿದ್ದ. ಇಡೀ ತರಗತಿ ಯಾವಾಗ ಸರ, ಯಾವಾಗ ಸರ ಅಂತ ಕುಣಿಯುತ್ತಿತ್ತು. ಈಗ ಖಣಿಯವನ ಮಗಳು ಗೆದ್ದರೆ ಸಂಜೆ ತಡವಾಗುತ್ತದೆ, ತಡವಾದರೆ ಆಯಿ ಬಿಡಿಸುತ್ತಾಳೆ.

ಹೆಡ್‌ಮಾಸ್ತರರ ಕೋಣೆಗೆ ಹೋಗಿ, ಸಂಜೆಯ ಕೀಲಿ ಕೆಲಸವನ್ನು ಜವಾನನಿಗೆ ಕೊಡಿ ಅಂತ ಕೇಳಿದೆ.

"ಹ್ವಾದ ವರ್ಷ ಗೋಡಿ ಗಡಿಯಾರ ಕಳುವಾಗ್ಯಾದ, ಗೊತ್ತದಲ್ರಿ? ಅದಕ್ಕೇ ಮಾನಿಟರ್ ಕೈಲಿ ಚಾವಿ. ನಡುವರ್ಷದಾಗ ನಿಯಮ ಬದಲಿ ಮಾಡಲ್ರಿ. ಬರೂ ವರ್ಷ ನೋಡೂಣ."

ಬರುವ ವರ್ಷ ಅವರು ನಿಜವಾಗಿಯೂ ಬದಲಿಸಿದರು. ಆದರೆ ಅವತ್ತು ನಾನು ಬಾಗಿಲು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಬಂದೆ.

ಮಧ್ಯಾಹ್ನದ ಕೊನೆಯ ತಾಸಿನಲ್ಲಿ ಮತದಾನ. ಅದೇ ಇಬ್ಬರು ಅಭ್ಯರ್ಥಿಗಳು. ಹುಡುಗನ ರಾಜೀನಾಮೆ ಹರಿದುಹಾಕಿ, ಗೆಲ್ಲುವುದಾದರೆ ಸರಿಯಾಗಿ ಗೆಲ್ಲು, ಸೋಲುವುದಾದರೆ ಸರಿಯಾಗಿ ಸೋಲು ಅಂತ ಅವನನ್ನೂ ನಿಲ್ಲಿಸಿದೆ. ಖಣಿಯವನ ಮಗಳು ತಾನು ನಿಲ್ಲುವುದಿಲ್ಲ ಅನ್ನುತ್ತಾಳೇನೋ ಅಂತ ಆಸೆಯಿಂದ ಕಾದೆ. ಅವಳು ಹಾಗೆ ಅನ್ನಲಿಲ್ಲ. ಅಂದಿದ್ದರೆ ಯಾಕೆ ಅಂತ ಎಲ್ಲರೂ ಕೇಳುತ್ತಿದ್ದರು, ಅವರಿಬ್ಬರೂ ತಮ್ಮೊಳಗೇ ಎತ್ತದ ಮಾತನ್ನು ಎಲ್ಲರ ಮುಂದೆ ಹೇಳಬೇಕಾಗುತ್ತಿತ್ತು. ಇದು ನನಗೆ ಆಮೇಲೆ ತಿಳಿದದ್ದು. ಆಗ ಮಾತ್ರ ಅವಳು ಗೆಲ್ಲದಿರಲಿ ಅಂತ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಾ ಕೂತಿದ್ದೆ. ಚುನಾವಣಾ ಅಧಿಕಾರಿ ಹೀಗೆ ಬೇಡಿಕೊಳ್ಳಬಾರದು, ಬೇಡಿಕೊಂಡೆ.

ಒಂದೇ ಅಳತೆಯ ಚೀಟಿ, ಸಹಿ ಇಲ್ಲ, ಮುದ್ರೆ ಇಲ್ಲ. ನಾಲ್ಕು ಮಡಿಕೆ ಮಾಡಿ ಖಾಲಿ ಡಬ್ಬಿಯಲ್ಲಿ ಹಾಕಿದರು. ನಾನೊಬ್ಬನೇ ಬಿಚ್ಚಿದೆ, ಅಭ್ಯರ್ಥಿಯ ಹೆಸರಷ್ಟೇ ಓದಿದೆ. ಒಬ್ಬ ಹುಡುಗ ಬೋರ್ಡಿನ ಮೇಲೆ ಗೆರೆ ಎಳೆದ.

ಆದರೆ ಗುಪ್ತ ಅಂತ ನಾನು ಹೇಳಿದ್ದು ನನ್ನ ಮಟ್ಟಿಗೆ ಪೂರ್ತಿ ನಿಜವಲ್ಲ. ವರ್ಷವಿಡೀ ಅವರ ವಹಿಗಳನ್ನು ತಿದ್ದಿದವನಿಗೆ ಹೆಸರು ಬೇಕಾಗಿಲ್ಲ, ಅಕ್ಷರ ಸಾಕು. ಒಂದು ಚೀಟಿ ಬಿಚ್ಚಿದೆ. ಪೆನ್ನಿನ ಮೊನೆ ಒತ್ತಿ ಒತ್ತಿ ಕಾಗದ ಹಿಂಬದಿಗೆ ಉಬ್ಬಿತ್ತು, ಒಂದು ಕಡೆ ತೂತೇ ಬಿದ್ದಿತ್ತು. ಹಾಗೆ ಬರೆಯುವವಳು ನಮ್ಮ ತರಗತಿಯಲ್ಲಿ ಒಬ್ಬಳೇ, ಖಣಿಯವನ ಮಗಳು. ಅವಳು ಬರೆದದ್ದು ಹೋಟೆಲಿನವರ ಮಗನ ಹೆಸರು. ನಾನು ಆ ಹೆಸರನ್ನು ಓದಿ ಹೇಳಿದೆ. ಇನ್ನೂ ಹತ್ತು ಹನ್ನೆರಡು ಚೀಟಿ ಆದ ಮೇಲೆ ಮತ್ತೊಂದು. ಅದರಲ್ಲಿ ಅಕ್ಷರಗಳೆಲ್ಲ ಎಡಕ್ಕೆ ವಾಲಿದ್ದವು. ಚಿಕ್ಕಂದಿನಲ್ಲಿ ಮನೆಯಲ್ಲಿ ಮೊದಲು ಉರ್ದು ಬರೆದು ಕಲಿತ ಕೈ, ದರ್ಜಿಯ ಮಗಳದು. ಅದರಲ್ಲಿ ಖಣಿಯವನ ಮಗಳ ಹೆಸರಿತ್ತು.

ಗೆಳತಿ ಶಾಲೆಯಲ್ಲಿ ಉಳಿಯಲಿ ಅಂತ ಹಿಂದಿನ ಸಲ ಓಟು ಕೊಡದವಳು ಈ ಸಲ ಆದದ್ದಾಗಲಿ ಅಂತ ಕೊಟ್ಟಿದ್ದಳು. ಆ ಓಟಿಗಾಗಿ ಅತ್ತವಳು ಈ ಸಲ ತನ್ನ ಓಟನ್ನೇ ತನಗೆ ಹಾಕಿಕೊಂಡಿರಲಿಲ್ಲ. ಉಳಿದವರೆಲ್ಲ ಮೊದಲು ಎಲ್ಲಿದ್ದರೋ ಅಲ್ಲೇ ಇದ್ದರು. ಬೋರ್ಡಿನ ಮೇಲಿನ ಗೆರೆ ಎಣಿಸಿದರೆ ಹುಡುಗನಿಗೆ ಇಪ್ಪತ್ತೊಂದು, ಖಣಿಯವನ ಮಗಳಿಗೆ ಇಪ್ಪತ್ತು.

"ಸರ, ಅಷ್ಟೇ ಬಂತು ನೋಡ್ರಿ," ಅಂದ ಹಿಂದಿನ ಬೆಂಚಿನವನೊಬ್ಬ. "ಸುಮ್ಮ ಒಂದು ತಾಸು ಹೋಯ್ತು."

ಹೌದಪ್ಪ, ಸುಮ್ಮನೆ ಹೋಯಿತು ಅಂದೆ. ಚೀಟಿಗಳನ್ನೆಲ್ಲ ಬಾಚಿ ಜೇಬಿಗೆ ಹಾಕಿಕೊಂಡೆ, ಮನೆಗೆ ಹೋಗಿ ಒಲೆಗೆ ಹಾಕಿದೆ. ಮಾಸ್ತರಿಕೆ ಮಾಡಿದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಅವತ್ತಿನಷ್ಟು ಸಂತೋಷ ನನಗೆ ತರಗತಿಯಲ್ಲಿ ಇನ್ನೊಮ್ಮೆ ಆಗಿಲ್ಲ. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಇಬ್ಬರೂ ಮುಂದೆ ಎಸ್ಸೆಸ್ಸೆಲ್ಸಿ ಪಾಸಾದರು, ಒಂದೇ ದಿನ ಪೇಢೆ ತಂದುಕೊಟ್ಟರು, ಆಗಲೂ ನಾನು ಹೇಳಲಿಲ್ಲ.

ಹೇಳುವ ಅಗತ್ಯವೂ ಇರಲಿಲ್ಲ ಅನ್ನುವುದು ಅವತ್ತೇ ನನ್ನ ಕಣ್ಣಿಗೆ ಬಿದ್ದಿತ್ತು. ಐದರ ಗಂಟೆ ಹೊಡೆಯಿತು. ಹೋಟೆಲಿನವರ ಮಗ ಕಸ ಹೊಡೆಸಲು ನಿಂತ, ಅವರಿಬ್ಬರೂ ಗೇಟು ದಾಟಿದರು. ನಾನು ವರಾಂಡದ ತುದಿಗೆ ಬಂದು ನೋಡಿದೆ. ಹಳಿಯ ಪಕ್ಕದ ದಾರಿಯಲ್ಲಿ ಸ್ವಲ್ಪ ದೂರ ಹೋಗಿದ್ದರು, ಖಣಿಯವನ ಮಗಳು ನಡೆಯುತ್ತಲೇ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದಳು. ಅಲ್ಲಿಯವರೆಗೆ ನನಗೆ ಹೊಳೆಯದಿದ್ದ ಲೆಕ್ಕ ಅದು. ತನ್ನ ಓಟು ತನಗೆ ಬಿದ್ದಿಲ್ಲ, ಆದರೂ ಮೊದಲಿನಷ್ಟೇ ಇಪ್ಪತ್ತು ಬಂದಿದೆ ಅಂದರೆ ಯಾರೋ ಒಬ್ಬರು ಹೊಸದಾಗಿ ತನ್ನ ಕಡೆ ಬಂದಿರಲೇಬೇಕು. ಅವಳು ನಿಂತು ಪಕ್ಕದವಳ ಮುಖ ನೋಡಿ ಏನೋ ಕೇಳಿದಳು. ದರ್ಜಿಯ ಮಗಳು ತಲೆ ತಗ್ಗಿಸಿದಳು, ಆಮೇಲೆ ತಟ್ಟನೆ ತಲೆ ಎತ್ತಿ ಅವಳೂ ಏನೋ ಕೇಳಿದಳು. ಅವಳಿಗೂ ಲೆಕ್ಕ ಬರುತ್ತಿತ್ತು, ತನ್ನದೊಂದು ಹೊಸದಾಗಿ ಸೇರಿಯೂ ಇಪ್ಪತ್ತೇ ಅಂದರೆ ಒಂದು ಆಚೆ ಹೋಗಿರಲೇಬೇಕು. ಇಬ್ಬರೂ ಹೊತ್ತು ಹೋಗುವುದನ್ನೂ ಮರೆತು ಅಲ್ಲೇ ನಿಂತುಬಿಟ್ಟರು. ಇವತ್ತೊಂದು ದಿನ ತಡವಾದರೆ ಆಯಿಗೆ ನಾನೇ ಹೋಗಿ ಹೇಳುತ್ತೇನೆ ಅಂದುಕೊಂಡು ನಾನು ಅವರನ್ನು ಕೂಗಲಿಲ್ಲ.